ಎಪ್ಪತ್ತನಾಲ್ಕು ಕೆಜಿ

ನಮ್ಮ ಮನೆಯವರ ತೂಕ ಎಪ್ಪತ್ತನಾಲ್ಕು ಕೆಜಿ. ನಂಬಿಬಿಡಿ, ಇಲ್ಲದಿದ್ದರೆ ಅವರಿಗೆ ಬೇಜಾರಾಗುತ್ತದೆ. ಕುರ್ಚಿ ಕಿರುಗುಟ್ಟಿದರೆ ಕುರ್ಚಿ ಹಳೆಯದು. ಅಂಗಿಯ ಗುಂಡಿ ಕಿತ್ತು ಬಂದರೆ ದಾರ ಸರಿಯಿಲ್ಲ. ಮೂರನೇ ಮಹಡಿ ಹತ್ತಿ ಏದುಸಿರು ಬಿಟ್ಟರೆ ಆ ಕಟ್ಟಡ ಕಟ್ಟಿದವನಿಗೆ ಮೆಟ್ಟಿಲಿನ ಅಳತೆ ಗೊತ್ತಿಲ್ಲ. ಹತ್ತು ವರ್ಷದ ಹಿಂದೆ ಒಂದು ದಿನ ನಾನು ಬಾಯಿ ತಪ್ಪಿ 'ಏನ್ರೀ, ಸ್ವಲ್ಪ ಮೈ ಬಂದಿದೆಯಲ್ಲ' ಅಂದಿದ್ದಕ್ಕೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈ ರಗಳೆಯೇ ಬೇಡಪ್ಪಾ ಅಂತ ಅವತ್ತಿನಿಂದ ನಾನು ಆ ವಿಷಯದ ಹತ್ತಿರ ಸುಳಿದಿಲ್ಲ. ಬೇರೆ ಎಲ್ಲದಕ್ಕೂ ಬಾಯಿ ಮಾಡುತ್ತೇನೆ, ಅದು ಬೇರೆ ಮಾತು. ಒದ್ದೆ ಟವಲ್ಲು ಹಾಸಿಗೆ ಮೇಲೆ ಹಾಕಿದರೆ, ಓದಿದ ಪೇಪರು ಅಡುಗೆಮನೆಯಲ್ಲಿ ಬಿಟ್ಟರೆ, ಸವೆದ ಶೂ ಎಸೆಯದಿದ್ದರೆ, ಇಡೀ ಬೀದಿಗೆ ನನ್ನ ದನಿ ಕೇಳಿಸುತ್ತದೆ.

ಈ ಮಹಾನುಭಾವರ ಕೆಲಸ ಏನು ಅಂತೀರಿ? ಡ್ರೈವಿಂಗ್ ಲೈಸೆನ್ಸಿಗೆ ಬಂದವರ ಪರೀಕ್ಷೆ ತೆಗೆದುಕೊಳ್ಳುವ ಇನ್ಸ್‌ಪೆಕ್ಟರ್. ಆಫೀಸಿನಲ್ಲಿ ಇವರಿಗೆ 'ಇಂಚುಪಟ್ಟಿ' ಅಂತ ಅಡ್ಡಹೆಸರು. ಗಾಡಿಯ ಚಕ್ರ ಬಿಳಿ ಗೆರೆಯನ್ನು ಅರ್ಧ ಇಂಚು ದಾಟಿದರೂ ಫೇಲು. ಕನ್ನಡಿ ನೋಡದೆ ತಿರುಗಿಸಿದರೆ ಫೇಲು. ಒಬ್ಬಾಕೆಯನ್ನು ನಾಲ್ಕು ಸಲ ಫೇಲು ಮಾಡಿದರು. ಐದನೇ ಸಲ ಪಾಸಾದ ಖುಷಿಗೆ ಆಕೆ ಅತ್ತರೆ, 'ಅಳು ಬಂದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ಅಳಬೇಕು' ಅಂತ ಬುದ್ಧಿ ಹೇಳಿ ಕಳಿಸಿದರಂತೆ. ಮನೆಯಲ್ಲಿ ಗ್ಯಾಸಿನ ಪೈಪು ಬದಲಾಯಿಸಬೇಕಾದ ತಾರೀಕನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ಆ ತಾರೀಕಿನ ಹಿಂದಿನ ದಿನವೇ ಪೈಪು ಬಂದು ಕೂತಿರುತ್ತದೆ.

ಶನಿವಾರ ಬಂತೆಂದರೆ ಮಾತ್ರ ಮನುಷ್ಯ ಬೇರೆಯೇ. ಊರಾಚೆ ಒಂದು ಸಣ್ಣ ವಿಮಾನದ ಬಯಲಿದೆ. ಅಲ್ಲೊಂದು ತಗಡಿನ ದೊಡ್ಡ ಶೆಡ್ಡು, ಒಂದು ಹಳೆ ವಿಮಾನ, ಪ್ಯಾರಾಚೂಟಿನಲ್ಲಿ ಹಾರುವವರ ಕ್ಲಬ್ಬು. ಮೂವತ್ತೆರಡನೇ ವಯಸ್ಸಿನಲ್ಲಿ ಆಫೀಸಿನ ಯಾರೋ ಸ್ನೇಹಿತ ಕರೆದ ಅಂತ ಹೋದವರು ಇನ್ನೂ ವಾಪಸ್ಸು ಬಂದಿಲ್ಲ ಅನ್ನಿ. ನಾಲ್ಕು ಕಿಲೋಮೀಟರ್ ಮೇಲಕ್ಕೆ ಹೋಗಿ, ಸರಿಯಾಗಿರುವ ವಿಮಾನದ ಬಾಗಿಲು ತೆರೆದು, ಕೆಳಗೆ ಧುಮುಕುವುದು! ಅದನ್ನು ಒಂಬೈನೂರ ತೊಂಬತ್ತೊಂಬತ್ತು ಸಲ ಮಾಡಿದ್ದಾರೆ. ನಾನು ಒಂದು ಸಲವೂ ಹಾರಿಲ್ಲ. ಸ್ಟೂಲು ಹತ್ತಿ ಬಲ್ಬು ಹಾಕುವುದಕ್ಕೇ ನನಗೆ ತಲೆ ಸುತ್ತುತ್ತದೆ.

ಆದರೂ ಅದೇ ಶೆಡ್ಡಿನಲ್ಲಿ ನನ್ನ ಕೆಲಸ. ಮೊದಲು ಮನೆಯಲ್ಲೇ ಕಿಟಕಿ ಪರದೆ, ಸೋಫಾ ಕವರು ಹೊಲಿಯುತ್ತಿದ್ದೆ. ಇವರೊಂದು ದಿನ ಹರಿದ ಪ್ಯಾರಾಚೂಟು ತಂದು ಮೆಷಿನ್ನಿನ ಮುಂದೆ ಹಾಕಿ 'ಇದಕ್ಕೊಂದು ಹೊಲಿಗೆ ಹಾಕ್ಕೊಡೇ' ಅಂದರು, ಏನೋ ದಿಂಬಿನ ಚೀಲ ಅನ್ನುವ ಹಾಗೆ. ನನಗೆ ಸಿಟ್ಟು ಬಂತು. ಜೀವ ಹಿಡಿಯುವ ಬಟ್ಟೆಗೆ ಯಾವ ದಾರ, ಎಷ್ಟು ಹೊಲಿಗೆ ಅಂತ ತಿಳಿಯದೆ ಕೈ ಹಾಕೋದು ಹೇಗೆ? ಕೇಳೋಣ ಅಂತ ಕ್ಲಬ್ಬಿಗೆ ಹೋದೆ. ಅಲ್ಲಿ ಪ್ಯಾರಾಚೂಟು ಮಡಚಿ ಕಟ್ಟುತ್ತಿದ್ದ ಮುದುಕ ಪ್ಯಾಕರು ಒಂದು ಚೂರು ಬಟ್ಟೆಗೆ ನನ್ನಿಂದ ಹೊಲಿಗೆ ಹಾಕಿಸಿ ನೋಡಿ, 'ತಾಯಿ, ನನಗೆ ಕಣ್ಣು ಮಂಜಾಗ್ತಿದೆ, ಕಲ್ತುಕೋ' ಅಂದರು. ಎರಡು ವರ್ಷ ಕಲಿತೆ, ಪರೀಕ್ಷೆ ಕಟ್ಟಿದೆ, ಲೈಸೆನ್ಸು ಬಂತು. ಹನ್ನೊಂದು ವರ್ಷದಿಂದ ಕ್ಲಬ್ಬಿನ ಪ್ಯಾಕರು ನಾನೇ.

ಹಾರುವವರ ಬೆನ್ನಿನ ಚೀಲದಲ್ಲಿ ಎರಡು ಪ್ಯಾರಾಚೂಟು ಇರುತ್ತವೆ. ಮೊದಲನೆಯದನ್ನು ಅವರವರೇ ಮಡಚಿಕೊಳ್ಳುತ್ತಾರೆ. ಅದು ತೆರೆಯದಿದ್ದರೆ, ಸಿಕ್ಕು ಬಿದ್ದರೆ ಎರಡನೆಯದು, ಅದಕ್ಕೆ ರಿಸರ್ವ್ ಅನ್ನುತ್ತಾರೆ. ಅದನ್ನು ಲೈಸೆನ್ಸ್ ಇದ್ದವರು ಮಾತ್ರ ಕಟ್ಟಬೇಕು. ಬಳಸಲಿ ಬಿಡಲಿ, ಆರು ತಿಂಗಳಿಗೊಮ್ಮೆ ಬಿಚ್ಚಿ, ಗಾಳಿಗೆ ಹರವಿ, ಹೊಲಿಗೆ ಹೊಲಿಗೆಯೂ ನೋಡಿ ಮತ್ತೆ ಕಟ್ಟಬೇಕು. ಉದ್ದನೆಯ ಮೇಜಿನ ಮೇಲೆ ಮೊಣಕಾಲೂರಿ ಬಟ್ಟೆಯೊಳಗಿನ ಗಾಳಿ ಹೊರಗೆ ಹಾಕುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿರುತ್ತದೆ. ಕಟ್ಟಿದ ಮೇಲೆ ಕೆಂಪು ದಾರ, ಅದರ ಮೇಲೆ ಸೀಸದ ಸೀಲು, ಸೀಲಿನ ಮೇಲೆ ನನ್ನ ಗುರುತು. ಆಮೇಲೆ ಒಂದು ಕಾರ್ಡಿನಲ್ಲಿ ತಾರೀಕು, ಹಾರುವವರ ತೂಕ, ನನ್ನ ಸಹಿ. ಕಾರ್ಡು ಚೀಲದ ಜೇಬಿನಲ್ಲಿರುತ್ತದೆ.

ತೂಕ ಯಾಕೆಂದರೆ, ರಿಸರ್ವಿನ ಬಟ್ಟೆಗೆ ಒಂದು ಸಣ್ಣ ಪಟ್ಟಿ ಹೊಲಿದಿರುತ್ತಾರೆ. ಈ ಪ್ಯಾರಾಚೂಟು ಇಷ್ಟು ಕೆಜಿಯವರೆಗೆ ಮಾತ್ರ, ಮೈ, ಬಟ್ಟೆ, ಚೀಲ ಎಲ್ಲ ಸೇರಿ. ಅದಕ್ಕಿಂತ ಭಾರ ಬಿದ್ದರೆ ತೆರೆಯುವ ರಭಸಕ್ಕೇ ಬಟ್ಟೆ ಹರಿಯಬಹುದು. ಹರಿಯದಿದ್ದರೂ ನೆಲಕ್ಕೆ ಬರುವ ವೇಗಕ್ಕೆ ಕಾಲು ಉಳಿಯುವುದಿಲ್ಲ. ಪಟ್ಟಿ ಇರುವುದು ಒಳಗೆ, ಕಾಣುವುದು ಕಟ್ಟುವವಳಿಗೆ ಮಾತ್ರ.

ಹೊಸಬರು ಚೀಲ ಕೊಳ್ಳುವ ಮುಂಚೆ ನನ್ನ ಹತ್ತಿರ ಸಲಹೆಗೆ ಬರುತ್ತಾರೆ. ಬಂದು ಏನು ಕೇಳುತ್ತಾರೆ? ಬಣ್ಣ! 'ಅಕ್ಕಾ, ನೀಲಿ ಚೆನ್ನಾಗಿರುತ್ತಾ, ಕಿತ್ತಳೆ ಚೆನ್ನಾಗಿರುತ್ತಾ?' ನಾನು ಹಣೆ ಚಚ್ಚಿಕೊಂಡು, ಮೊದಲು ನಿಮ್ಮ ತೂಕ ಹೇಳಿ ಅನ್ನುತ್ತೇನೆ. ಅಲ್ಲಿ ಶುರುವಾಗುತ್ತದೆ ರೈಲು ಬಿಡುವುದು. ಹಲ್ಲಿನ ಡಾಕ್ಟರೊಬ್ಬರು ಇದ್ದಾರೆ, ಹಾರಿದ್ದು ನಲವತ್ತು ಸಲ, ಆಗಲೇ ಅಂಗೈಯಗಲದ ಪ್ಯಾರಾಚೂಟು ಬೇಕು, ಅದು ಜೋರಾಗಿ ಹೋಗುತ್ತದಂತೆ. ಅವರಿಗೆ ಬುದ್ಧಿ ಹೇಳಿದ್ದು ಯಾರು ಗೊತ್ತೇ? ನಮ್ಮ ಮನೆಯವರು. ಶೆಡ್ಡಿನ ಮಧ್ಯೆ ನಿಂತು, 'ನೋಡಿ ಡಾಕ್ಟ್ರೇ, ಚಿಕ್ಕದು ತಗೊಂಡು ಮೆರೆಯೋದು ಮುಖ್ಯ ಅಲ್ಲ. ತೂಕ ಪ್ರಾಮಾಣಿಕವಾಗಿ ಹೇಳಿ, ಅದಕ್ಕೆ ತಕ್ಕ ಅಳತೆ ತಗೊಳ್ಳಿ' ಅಂತ ಅರ್ಧ ಗಂಟೆ ಭಾಷಣ. ನಾನು ದೂರದಲ್ಲಿ ಸೂಜಿಗೆ ದಾರ ಪೋಣಿಸುತ್ತಾ, ಇವರಿಗೆ ಬೇರೆಯವರಿಗೆ ಹೇಳುವುದೆಂದರೆ ಎಷ್ಟು ಹುಮ್ಮಸ್ಸು ಅಂದುಕೊಂಡೆ.

ಕಳೆದ ಸೀಸನ್ನಿನ ಕೊನೆಯಲ್ಲಿ ಒಬ್ಬರಿಗೆ ಮೊದಲನೆಯದು ಸಿಕ್ಕು ಬಿತ್ತು. ರಿಸರ್ವ್ ತೆರೆಯಿತು, ಜೀವ ಉಳಿಯಿತು, ಆದರೆ ಎರಡೂ ಪಾದದ ಕೀಲು ಪುಡಿ. ಬೇರೆ ಊರಿನಿಂದ ಬಂದ ಅತಿಥಿ, ಚೀಲ ಬೇರೆ ಯಾರೋ ಕಟ್ಟಿದ್ದು. ಕಾರ್ಡಿನಲ್ಲಿ ಎಂಬತ್ತು, ಆಸ್ಪತ್ರೆಯಲ್ಲಿ ತೂಗಿದರೆ ನೂರಾಮೂರು. ನಮ್ಮ ಚೀಫ್ ತಲೆ ಕೆಡಿಸಿಕೊಂಡಳು. ಚೀಫ್ ಅಂದರೆ ಕ್ಲಬ್ಬಿನ ಮುಖ್ಯ ತರಬೇತುದಾರಳು. ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಇವರ ಕೈಯಲ್ಲೇ ಹಾರಲು ಕಲಿತವಳು. ಅವಳೊಂದು ದೊಡ್ಡ ತಕ್ಕಡಿ ತರಿಸಿದಳು, ಗೋದಾಮಿನಲ್ಲಿ ಮೂಟೆ ತೂಗುತ್ತಾರಲ್ಲ, ಅಂಥದ್ದು. ಸುರಕ್ಷತಾ ಸಭೆ ಕರೆದಳು. ಶನಿವಾರ ಬೆಳಿಗ್ಗೆ ಸಭೆ, ಭಾನುವಾರ ನಮ್ಮ ಮನೆಯವರ ಸಾವಿರನೇ ಹಾರಾಟ. ಕೇಕಿಗೂ ಹೇಳಿಯಾಗಿತ್ತು.

ಸಭೆ ಅಂದರೆ ಶೆಡ್ಡಿನಲ್ಲಿ ಮೂವತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಲಾಸ್ಕ್ ಚಹಾ, ಮೂವತ್ತು ಬಾಯಿ. ಮೊದಲ ನಿಯಮ, ಎಲ್ಲರ ಚೀಲದಲ್ಲೂ ಒಂದು ಪುಟ್ಟ ಯಂತ್ರ ಇರಲೇಬೇಕು ಅನ್ನುವುದು. ಹಾರಿದವರು ಏನೂ ಮಾಡದೆ ಕೆಳಗೆ ಬೀಳುತ್ತಿದ್ದರೆ ಅದು ತಾನೇ ರಿಸರ್ವ್ ತೆರೆಯುತ್ತದೆ. ಇದಕ್ಕೂ ಜಗಳ ಬೇಕೇ? ಬೇಕಂತೆ.

'ಯಂತ್ರ ಇದೆ ಅಂತಾದ್ರೆ ಹುಡುಗರ ಕೈ ಸೋಮಾರಿ ಆಗುತ್ತೆ,' ಇವರು ಎದ್ದು ನಿಂತರು. 'ನಮ್ಮ ಕಾಲದಲ್ಲಿ ಕೈನೇ ಯಂತ್ರ.'

'ಪ್ರಜ್ಞೆ ತಪ್ಪಿದರೆ ಕೈ ಎಲ್ಲಿಂದ ಬರುತ್ತೆ ಸರ್?' ಹಲ್ಲಿನ ಡಾಕ್ಟರು ಕೇಳಿದರು.

'ಪ್ರಜ್ಞೆ ಯಾಕ್ರೀ ತಪ್ಪುತ್ತೆ?'

'ಬೇಕು ಅಂತ ಯಾರೂ ಪ್ರಜ್ಞೆ ತಪ್ಪಲ್ಲ ಸರ್.'

ಹೀಗೆ ಒಂದೂವರೆ ಗಂಟೆ. ಪೈಲಟ್ಟು ಮೂಲೆಯಲ್ಲಿ ನಿದ್ದೆ ಹೋದ. ಕೊನೆಗೆ ಕೈ ಎತ್ತಿಸಿದರೆ ಇಪ್ಪತ್ತಾರು ಕೈ ಪರ, ಮೂರು ವಿರೋಧ. ಆ ಮೂರರಲ್ಲಿ ಎಲ್ಲಕ್ಕಿಂತ ಎತ್ತರದ ಕೈ ಯಾರದ್ದು ಅಂತ ಹೇಳಬೇಕಿಲ್ಲ.

ಎರಡನೇ ನಿಯಮ ತಕ್ಕಡಿಯದು. ಸೀಸನ್ನಿನ ಶುರುವಿನಲ್ಲಿ ಪ್ರತಿಯೊಬ್ಬರೂ ಚೀಲ ಸಮೇತ ತಕ್ಕಡಿ ಹತ್ತಬೇಕು. ರಿಸರ್ವಿನ ಪಟ್ಟಿಗಿಂತ ಜಾಸ್ತಿ ಬಂದರೆ ವಿಮಾನ ಹತ್ತುವ ಹಾಗಿಲ್ಲ.

ಇವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. 'ಏನಮ್ಮಾ ಚೀಫ್, ನಾವೇನು ತರಕಾರಿನಾ ತೂಕಕ್ಕೆ ಹಾಕೋಕೆ? ಇಪ್ಪತ್ತೆರಡು ವರ್ಷದಿಂದ ಹಾರ್ತಾ ಇದೀನಿ. ಒಂದು ದಿನಾನೂ ರಿಸರ್ವ್ ಬೇಕಾಗಿಲ್ಲ ನನಗೆ. ಮನುಷ್ಯನ ಮಾತಿಗೆ ಬೆಲೆ ಇಲ್ವಾ?'

ನನಗೆ ತಡೆಯಲಾಗಲಿಲ್ಲ. ಹಾರದವಳಿಗೆ ಸಭೆಯಲ್ಲಿ ಓಟಿಲ್ಲ, ಆದರೆ ಬಾಯಿ ಇದೆಯಲ್ಲ. 'ನಿಮ್ಮ ಆಫೀಸಿಗೆ ಬಂದವರು, ನನಗೆ ಗಾಡಿ ಓಡಿಸೋಕೆ ಬರುತ್ತೆ, ನನ್ನ ಮಾತು ನಂಬಿ ಅಂದ್ರೆ ಲೈಸೆನ್ಸ್ ಕೊಡ್ತೀರೇನ್ರೀ?' ಅಂದೆ. ಜನ ನಕ್ಕರು. ನಾನು ಇನ್ನೂ ಜೋರು ಮಾಡಿದೆ. 'ತೂಕದಲ್ಲಿ ಎಲ್ಲರೂ ಸುಳ್ಳು ಹೇಳ್ತೀರ. ಆ ಸುಳ್ಳು ನಂಬಿ ನಾನು ಸೀಲು ಹಾಕಬೇಕು. ನಾಳೆ ಯಾರಿಗಾದರೂ ಹೆಚ್ಚುಕಮ್ಮಿ ಆದರೆ ಸೀಲಿನ ಮೇಲಿರೋದು ನನ್ನ ಗುರುತು. ತಕ್ಕಡಿ ಬೇಕೇ ಬೇಕು.'

ಇವರ ಮುಖ ಕೆಂಪಾಯಿತು. ಸರಸರ ಹೋಗಿ ಗೋಡೆಯ ಮೊಳೆಯಿಂದ ತಮ್ಮ ಚೀಲ ಇಳಿಸಿ, ಜೇಬಿನಿಂದ ಕಾರ್ಡು ತೆಗೆದು, ಕೋರ್ಟಿನಲ್ಲಿ ಸಾಕ್ಷಿ ತೋರಿಸುವವರ ಹಾಗೆ ಮೇಲೆತ್ತಿ ಹಿಡಿದರು.

'ಸುಳ್ಳು ಹೇಳೋರು ತಕ್ಕಡಿ ಹತ್ತಲಿ. ಇಲ್ನೋಡಿ! ಲೈಸೆನ್ಸ್ ಇರೋ ಪ್ಯಾಕರೇ ಬರ್ದಿರೋದು. ಎಪ್ಪತ್ನಾಲ್ಕು! ಇದಕ್ಕಿಂತ ಪುರಾವೆ ಬೇಕಾ?'

ಕಾರ್ಡು ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಕಾರ್ಡು ನೋಡಿದರು, ಇವರ ಹೊಟ್ಟೆ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. ಯಾರೂ ನಗಲಿಲ್ಲ.

ಚೀಫ್ ಕಾರ್ಡು ತಂದು ನನ್ನ ಮುಂದೆ ಹಿಡಿದಳು. ಮೆಲ್ಲಗೆ ಕೇಳಿದಳು, 'ಅಕ್ಕಾ, ಇದು ನಿಮ್ಮ ಅಕ್ಷರನಾ?'

ನನ್ನ ಅಕ್ಷರವೇ. ಇಪ್ಪತ್ತೆರಡು ಸಾಲು. ಎಪ್ಪತ್ತನಾಲ್ಕು, ಎಪ್ಪತ್ತನಾಲ್ಕು, ಎಪ್ಪತ್ತನಾಲ್ಕು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮೊದಲ ಸಲ ಕೇಳಿ ಬರೆದಿದ್ದೆ, ಆಗ ಅದು ನಿಜವೂ ಇದ್ದೀತು. ಎರಡನೇ ಸಲದಿಂದ ಮೇಲಿನ ಸಾಲು ನೋಡಿ ಕೆಳಗೆ ಇಳಿಸಿದ್ದು. ಬೇರೆಯವರನ್ನಾದರೆ ನಿಲ್ಲಿಸಿ ಕೇಳುತ್ತಿದ್ದೆ. ಮನೆಯ ಮನುಷ್ಯ, ಏನು ಕೇಳುವುದು? ಮನೆಯ ಮನುಷ್ಯನ ಪ್ಯಾಂಟಿನ ಸೊಂಟವನ್ನು ವರ್ಷಕ್ಕೊಮ್ಮೆ ಬಿಚ್ಚಿ ಅರ್ಧ ಅರ್ಧ ಇಂಚು ಅಗಲ ಮಾಡಿದ್ದು ಇದೇ ಕೈ. ಅವರಿಗೆ ಗೊತ್ತಾಗಬಾರದು ಅಂತ ಹಳೆ ದಾರದ ಬಣ್ಣವೇ ಹುಡುಕಿ ಹೊಲಿಯುತ್ತಿದ್ದೆ. ಬದಿಯಲ್ಲಿ ಬಟ್ಟೆ ಸಾಲದೆ ಹೋದಾಗ ಹೊಸ ಪ್ಯಾಂಟು ತಂದು, ಹಳೆಯ ಅಳತೆಯ ಚೀಟಿ ಅದಕ್ಕೆ ಹಚ್ಚಿದ್ದೂ ಉಂಟು. ಮನೆಯಲ್ಲಿ ಅಷ್ಟೆಲ್ಲ ಮಾಡಿ, ಶೆಡ್ಡಿಗೆ ಬಂದು ಕಾರ್ಡಿನಲ್ಲಿ ಎಪ್ಪತ್ತನಾಲ್ಕು! ಗೊತ್ತಿರಲಿಲ್ಲ ಅಂದರೆ ಸುಳ್ಳು. ಕೈಗೆ ಗೊತ್ತಿತ್ತು, ತಲೆಗೆ ಬಿಟ್ಟುಕೊಂಡಿರಲಿಲ್ಲ.

'ನನ್ನದೇ ಅಕ್ಷರ,' ಅಂದೆ. 'ತಪ್ಪು ಬರೆದಿದೀನಿ. ಆ ರಿಸರ್ವಿನ ಪಟ್ಟಿಯಲ್ಲಿರೋದು ಒಟ್ಟು ನೂರು ಕೆಜಿ. ಇವರನ್ನ ತೂಕ ಹಾಕಿ.'

'ಏನೇ ನೀನು, ನಿನ್ನ ತಲೆ ಸರಿ ಇದೆಯಾ?' ಇವರು ರೇಗಿದರು. ಆದರೆ ಅಷ್ಟು ಜನರ ಮುಂದೆ ಹಿಂದೆ ಸರಿಯುವ ಜಾಯಮಾನ ಅಲ್ಲ. ಚೀಲ ಬೆನ್ನಿಗೇರಿಸಿ, ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು, ಎದೆ ಉಬ್ಬಿಸಿ ತಕ್ಕಡಿ ಹತ್ತಿದರು.

ನೂರಾ ಹನ್ನೆರಡು.

'ತಕ್ಕಡಿ ಸರಿ ಇಲ್ಲ,' ಅಂದರು ತಕ್ಷಣ. ಚೀಫ್ ಇಪ್ಪತ್ತು ಕೆಜಿಯ ಎರಡು ತೂಕದ ಕಲ್ಲು ತಂದಳು. ಇವರನ್ನು ಇಳಿಸಿ ಕಲ್ಲು ಇಟ್ಟಳು. ನಲವತ್ತು ಅಂದರೆ ನಲವತ್ತೇ ತೋರಿಸಿತು. ಇವರು ಇನ್ನೊಮ್ಮೆ ಹತ್ತಿದರು, ಹೆಲ್ಮೆಟ್ಟು ಕೆಳಗಿಟ್ಟು. ನೂರಾ ಹನ್ನೊಂದು. ಅರ್ಧ ಇಂಚಿಗೆ ಜನರನ್ನು ಫೇಲು ಮಾಡುವ ಮನುಷ್ಯ ಆ ಅಂಕಿಯನ್ನು ಬಾಗಿ ಬಾಗಿ ನೋಡಿದರು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ದನಿ ಇಳಿಸಿ, 'ಆಯ್ತು ಮಾರಾಯ್ತಿ, ನಾಳೆ ಒಂದು ಹಾರಿಬಿಡ್ತೀನಿ. ಸಾವಿರ ಆಗಲಿ. ಸೋಮವಾರದಿಂದ ನೀನು ಹೇಳಿದ ಹಾಗೆ. ಒಂದೇ ಒಂದು,' ಅಂದರು. ಕಣ್ಣಲ್ಲಿ ಎಂಥ ಆಸೆ! ಸಾವಿರನೇ ಸಲ ಇಳಿಯುವಾಗ ಫೋಟೋ ತೆಗೆಯಲು ಆಫೀಸಿನವರೆಲ್ಲ ಬರುವವರಿದ್ದರು.

ನಾನು ಏಪ್ರನ್ನಿನ ಜೇಬಿನಿಂದ ಕತ್ತರಿ ತೆಗೆದೆ. ಇವರ ಬೆನ್ನ ಹಿಂದೆ ಹೋಗಿ, ಚೀಲದ ಮೇಲಿನ ಕೆಂಪು ದಾರ ಕತ್ತರಿಸಿದೆ. ಸೀಸದ ಸೀಲು ನೆಲಕ್ಕೆ ಬಿತ್ತು. ಸೀಲಿಲ್ಲದ ಚೀಲ ಹಾಕಿಕೊಂಡವರನ್ನು ಪೈಲಟ್ಟು ವಿಮಾನದ ಹತ್ತಿರವೂ ಸೇರಿಸುವುದಿಲ್ಲ.

'ಇಷ್ಟು ಜನರ ಮುಂದೆ...' ಅಂದರು. ಚೀಲ ಕಳಚಿ ನನ್ನ ಕೈಗೆ ಕೊಟ್ಟು, ಬಯಲಿಗೆ ನಡೆದುಬಿಟ್ಟರು.

ಸಭೆ ಮುಗಿಯಿತು, ನಿಯಮ ಪಾಸಾಯಿತು. ಚೀಫ್ ಇನ್ನೊಂದು ಮಾತು ಹೇಳಿದಳು, ನ್ಯಾಯವಾದದ್ದೇ. ನನ್ನ ಎಲ್ಲ ಕಾರ್ಡುಗಳನ್ನೂ ಮತ್ತೆ ನೋಡಿ ಮುಗಿಸುವವರೆಗೆ ನಾನು ಹೊಸ ಸೀಲು ಹಾಕಬಾರದು. ಸೀಲು ಒತ್ತುವ ಇಕ್ಕುಳವನ್ನು ಅವಳ ಕೈಗೆ ಕೊಟ್ಟು ಪ್ಯಾಕಿಂಗ್ ರೂಮಿಗೆ ಬಂದೆ. ಕ್ಲಬ್ಬಿನ ಚೀಲಗಳ ಜೇಬಿನಲ್ಲಿದ್ದದ್ದು ಅರವತ್ತಮೂರು ಕಾರ್ಡು. ಒಂದೊಂದೇ ತೆಗೆದು, ಕೇಳಿ ಬರೆದದ್ದು ಯಾವುದು, ಮೇಲಿನ ಸಾಲು ಇಳಿಸಿದ್ದು ಯಾವುದು ಅಂತ ಬೇರೆ ಮಾಡತೊಡಗಿದೆ. ಮೈಯೆಲ್ಲ ಉರಿಯುತ್ತಿತ್ತು. ನನ್ನ ಮೇಲೆ ಎಷ್ಟು ಸಿಟ್ಟೋ, ಅವರ ಮೇಲೂ ಅಷ್ಟೇ. ಅಲ್ಲ, ಮನುಷ್ಯನಿಗೆ ತನ್ನ ಮೈ ತನಗೆ ಗೊತ್ತಾಗುವುದಿಲ್ಲವೇ?

ಮಧ್ಯಾಹ್ನ ಎರಡರ ಹೊತ್ತಿಗೆ ಇವರು ಬಾಗಿಲಲ್ಲಿ ಬಂದು ನಿಂತರು. ಬಿಸಿಲಿಗೆ ಮುಖ ಬಾಡಿತ್ತು.

'ಇನ್ನೂ ಎಷ್ಟು ಜನರದ್ದು ಹಾಗಿದೆ?'

'ನಾಲ್ಕು,' ಅಂದೆ. 'ಆದರೆ ಚೀಲ, ಹೆಲ್ಮೆಟ್ಟಿನ ಇಪ್ಪತ್ತು ಕಳೆದ ಮೇಲೂ ನಿಮ್ಮ ಹಾಗೆ ಹದಿನೆಂಟು ಕೆಜಿ ಯಾರದ್ದೂ ವ್ಯತ್ಯಾಸ ಇರಲಿಕ್ಕಿಲ್ಲ.'

ಅವರು ಒಳಗೆ ಬಂದು ಮೇಜಿನ ಆ ಕಡೆ ಕೂತರು. ನಾನು ಕೂತವರನ್ನು ಬಿಡಲಿಲ್ಲ. 'ನಿಮಗೆ ಗೊತ್ತಾಗ್ಲಿಲ್ವೇನ್ರೀ? ಮನೇಲಿ ಕನ್ನಡಿ ಇಲ್ವಾ? ನನ್ನ ಅಂದಾಜಿಗೆ ಏಳು ವರ್ಷದಿಂದ ಆ ರಿಸರ್ವ್ ನಿಮಗೆ ಸಾಕಾಗ್ತಿರಲಿಲ್ಲ. ಏಳು ವರ್ಷ! ಲೆಕ್ಕ ಹಾಕಿ, ಮುನ್ನೂರು ಸಲ ಹಾರಿದೀರ. ಮುನ್ನೂರರಲ್ಲಿ ಒಂದು ದಿನ ಮೊದಲನೇದು ತೆರೆಯದೆ ಹೋಗಿದ್ದಿದ್ರೆ ನಾನೇನು ಮಾಡಬೇಕಿತ್ತು? ಸುಮ್ನೆ ಒಂದು ಸಲ ತಕ್ಕಡಿ ಹತ್ತೋಕೆ ನಿಮಗೇನಾಗಿತ್ತು?'

ಅವರು ತಮ್ಮ ಕಾರ್ಡು ಎತ್ತಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಕೆಳಗೆ ಬಂದರು.

'ದಪ್ಪ ಆಗಿದೀನಿ ಅಂತ ಗೊತ್ತಿತ್ತು ಕಣೇ,' ಅಂದರು. 'ಪ್ಯಾಂಟು ನೀನು ಬಿಚ್ಚಿ ಹೊಲಿಯೋದೂ ಗೊತ್ತಿತ್ತು. ಎಷ್ಟು ದಪ್ಪ ಆದ್ರೆ ಇದು ತಡಿಯಲ್ಲ ಅನ್ನೋದು ನನಗೆ ಹೇಗೆ ಗೊತ್ತಾಗಬೇಕು? ಆ ಪಟ್ಟಿ ನೋಡೋಳು ನೀನು. ಪ್ರತಿ ಸಲ ಕಾರ್ಡು ತೆಗೆದು ನೋಡ್ತಿದ್ದೆ. ಎಪ್ಪತ್ನಾಲ್ಕು ಅಂತಲೇ ಇರ್ತಿತ್ತು. ಅದು ಸುಳ್ಳು ಅಂತ ನನಗೂ ಗೊತ್ತು, ನಿನಗೂ ಗೊತ್ತು. ಆದ್ರೆ ನೀನು ಸುಮ್ನಿದೀಯ ಅಂದ್ರೆ, ಇನ್ನೂ ಅಪಾಯ ಇಲ್ಲ ಅಂತ ನಾನು ತಿಳ್ಕೊಂಡಿದ್ದೆ.'

ನಾನು ಏನೋ ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದರು.

'ಒದ್ದೆ ಟವಲ್ಲಿಗೆ ಬೀದಿ ಕೇಳೋ ಹಾಗೆ ಕೂಗ್ತೀಯ. ಇದಕ್ಕೆ ಕೂಗ್ತಿಲ್ವಲ್ಲ ಅಂದ್ಕೊಂಡೇ ನಾನು ಪ್ರತಿ ಸಲ ಹಾರಿದ್ದು.'